ಆಕಾಶದ ಕೊಳ್ಳಿ ಬಲಕ್ಕೆ ಬಿತ್ತೋ, ಎಡಕ್ಕೆ ಬಿತ್ತೋ

ಆಗ ನನಗೆ ಅರವತ್ತಾರು. ಈಗ್ಗೆ ಮೂರು ವರ್ಷದ ಮಾತು. ಆಧಾರ್ ಕಾರ್ಡಿನಲ್ಲಿ ಆರು ವರ್ಷ ಜಾಸ್ತಿ ಇದೆ, ಅದನ್ನು ನಂಬಬೇಡಿ. ಬರೆದುಕೊಂಡ ಮನುಷ್ಯ ನನ್ನ ಬಾಯೊಳಗಿನ ಹಲ್ಲು ನೋಡಿ ವಯಸ್ಸು ಹಾಕಿದ, ದನದ ಸಂತೆಯಲ್ಲಿ ಹಾಕಿದ ಹಾಗೆ.

ಈಗ ಇದೆಲ್ಲ ಯಾಕೆ ನೆನಪಾಯಿತು ಅಂದರೆ, ಮೊನ್ನೆ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಟವಲ್ಲಿನ ಮನುಷ್ಯ. ಸುತ್ತ ನಾಲ್ಕು ಜನ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಅವತ್ತು ಆಕಾಶದಿಂದ ಬಿದ್ದ ಬೆಂಕಿಕೊಳ್ಳಿ ಇವನ ಹೊಲದಲ್ಲೇ ಬಿತ್ತಂತೆ. "ಕಣ್ಣಾರೆ ಕಂಡೀನ್ರಿ. ನೆಲ ಇವತ್ತಿಗೂ ಬಿಸಿ ಐತಿ" ಅಂದ.

"ಯಪ್ಪಾ, ಮೂರು ವರ್ಷ ಆತು. ಆ ಬಿಸಿ ಮ್ಯಾಲೆ ರೊಟ್ಟಿ ಬೇಯತಾವೇನು? ಗ್ಯಾಸ್ ತುಟ್ಟಿ ಆಗೇತಿ, ನಾನೂ ಬರ್ತೀನಿ" ಅಂದೆ.

ಅವನು ಎದ್ದು ಬೇರೆ ಬೆಂಚಿಗೆ ಹೋಗಿ ಕೂತ. ಕಣ್ಣಾರೆ ಕಂಡವರಿಗೆ ಪ್ರಶ್ನೆ ಕೇಳಬಾರದು, ಕಣ್ಣು ನೋಯುತ್ತದೆ. ಕುಡಿತಿನಿ ಕಡೆಯವನಿರಲಿ, ಹಡಗಲಿಯವನಿರಲಿ, ನಮ್ಮ ಸೀಮೆಯಲ್ಲಿ ಅವತ್ತಿನ ಕೊಳ್ಳಿಯನ್ನು ನೋಡದವರು ಯಾರೂ ಇಲ್ಲ. ಅವತ್ತು ಹುಟ್ಟದೇ ಇದ್ದ ಕೂಸುಗಳೂ ಈಗ ನೋಡಿವೆ. ನೋಡದವಳು ನಾನೊಬ್ಬಳೇ. ಅದಕ್ಕೇ ನಾನು ಬರೆಯುವುದು ಸರಿ ಅನ್ನಿಸಿತು.

ನನಗೆ ಅಕ್ಷರ ಬಂದದ್ದು ನಲವತ್ತರ ಹತ್ತಿರ, ರಾತ್ರಿ ಶಾಲೆಯಲ್ಲಿ. ಮಹಾಪ್ರಾಣ ಕಲಿಸುವ ಹೊತ್ತಿಗೆ ಜೋಳದ ಸುಗ್ಗಿ ಬಂತು, ಹಾಗಾಗಿ ಅವು ನನಗೆ ಬರಲೇ ಇಲ್ಲ. ಪಂಚಾಯ್ತಿ ಲೈಬ್ರರಿಯ ಹುಡುಗಿ ಎಲ್ಲೆಲ್ಲಿ ಹೊಟ್ಟೆ ಸೀಳಬೇಕೋ ಅಲ್ಲಲ್ಲಿ ಸೀಳಿ ಕೊಟ್ಟಿದ್ದಾಳೆ. ತಪ್ಪು ಉಳಿದಿದ್ದರೆ ಅವಳದು.

ನಾನು ಆಕಾಶ ನೋಡದೇ ಇರುವುದಕ್ಕೆ ಕಾರಣ ನಮ್ಮಪ್ಪ. ನಮ್ಮದು ಕುರಿಯವರ ಮನೆ. ಸುಗ್ಗಿ ಮುಗಿದ ಮೇಲೆ ಮಂದಿಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದೆವು, ನಾವೂ ಅಲ್ಲೇ ಕಂಬಳಿ ಹಾಸಿ ಮಲಗುತ್ತಿದ್ದೆವು. ಆರೇಳು ವರ್ಷದ ನನಗೆ ಮೈಮೇಲೆ ಕುರಿ ಉಚ್ಚೆಯ ವಾಸನೆ, ತಲೆ ಮೇಲೆ ಇಡೀ ಆಕಾಶ. ಕೂರಿಗೆ ಚುಕ್ಕಿ ಎಲ್ಲಿ ಬಂತು, ಬೆಳ್ಳಿ ಚುಕ್ಕಿ ಯಾವಾಗ ಮೂಡುತ್ತದೆ ಎಲ್ಲ ಅಪ್ಪನಿಗೆ ಗೊತ್ತಿತ್ತು. ಆದರೆ ಚುಕ್ಕಿ ಬಿದ್ದರೆ ಮಾತ್ರ ನೋಡಗೊಡುತ್ತಿರಲಿಲ್ಲ. ಅವ್ವ ಆದರೆ ಕೂದಲು ಹಿಡಿದುಕೊಂಡು ಮೂರು ಸಲ ಉಗುಳು ಅನ್ನುತ್ತಿದ್ದಳು. ಅಪ್ಪ ಬೆನ್ನ ಮೇಲೆ ಒಂದು ಬಾರಿಸಿ, "ಮ್ಯಾಲೆ ಏನ್ ನೋಡ್ತಿ? ಕುರಿ ಎಣಸು!" ಅನ್ನುತ್ತಿದ್ದ. ಮಂದಿಯೆಲ್ಲ ಮೇಲೆ ನೋಡುವ ಹೊತ್ತಿಗೇ ತೋಳ ಬರುವುದು, ಕಳ್ಳನೂ ಬರುವುದು ಅಂತ ಅವನ ಲೆಕ್ಕ. ಒಂದು ಸಲ ಹಾಗೇ ನಾನು ಚುಕ್ಕಿ ನೋಡುತ್ತ ಕೂತಾಗ ಒಂದು ಮರಿ ಹೋಯಿತು. ತೋಳ ಒಯ್ದದ್ದಲ್ಲ, ನಮ್ಮ ಚಿಕ್ಕಪ್ಪನೇ ಒಯ್ದು ಸಾರು ಮಾಡಿಕೊಂಡಿದ್ದ. ಏಟು ಮಾತ್ರ ನನಗೆ ಬಿತ್ತು. ಅವತ್ತಿನಿಂದ ಮೇಲೆ ಏನಾದರೂ ಮಿಂಚಿದರೆ ನನ್ನ ಕತ್ತು ತಾನೇ ಕೆಳಕ್ಕೆ ಬಾಗುತ್ತದೆ.

ಇರಲಿ. ಅವತ್ತು ನಮ್ಮ ಮನೆಯಲ್ಲಿ ಮೊಮ್ಮಗಳು ರೇಣುಕನ ಎಲೆಅಡಿಕೆ ಶಾಸ್ತ್ರ, ಎಲೆಅಡಿಕೆ ಬದಲಿಸಿ ಮದುವೆ ಗೊತ್ತು ಮಾಡುವುದು. ಗಂಡಿನವರು ಹರಪನಹಳ್ಳಿ ತಾಲೂಕು ಅರಸೀಕೆರೆಯವರು, ಅವರೂ ಕುರಿಯವರೇ. ಹುಡುಗನ ಹೆಸರು ತಿಪ್ಪೇಶಿ. ಮೆಕ್ಕೆಜೋಳ ರಾಶಿ ಮಾಡುವ ಮಷಿನ್ ಓಡಿಸುತ್ತಾನೆ. ಆ ಮಷಿನ್ ಸದ್ದಿಗೋ ಏನೋ ಅವನದು ಮಾತು ಕಮ್ಮಿ. ಅವನಿಗೆ ತಾಯಿ ಇಲ್ಲ. ಸಾಕಿದವಳು ಅವನಪ್ಪನ ಅಕ್ಕ ದ್ಯಾಮವ್ವ. ಆರು ಜನ ಬಂದಿದ್ದರು, ಐವರಿಗೆ ಬಾಯಿ ಇರಲಿಲ್ಲ, ಎಲ್ಲರ ಬಾಯಿಯೂ ದ್ಯಾಮವ್ವನ ಹತ್ತಿರವೇ ಇತ್ತು. ನನ್ನಷ್ಟೇ ವಯಸ್ಸು, ನನ್ನ ಎರಡರಷ್ಟು ದೇಹ, ಕೈಯಲ್ಲಿ ಕಡ್ಡಿಪುಡಿ ಡಬ್ಬಿ. ಬಂದವಳೇ ನಮ್ಮ ಹಟ್ಟಿಯೊಳಗಿನ ಕುರಿಗಳ ಹಲ್ಲು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಒಳ್ಳೇ ಹೆಂಗಸು ಅಂತ ಅವಾಗಲೇ ಗೊತ್ತಾಯಿತು. ಆದರೆ ಒಳ್ಳೇ ಹೆಂಗಸರೇ ಗಟ್ಟಿ.

ಗೋಧೂಳಿ ಮುಗಿದಿತ್ತು, ಏಳು ಗಂಟೆ ಇರಬೇಕು. ಅಂಗಳದಲ್ಲಿ ಜಮಖಾನ ಹಾಸಿ ಎರಡು ಸಾಲು ಕೂತಿದ್ದೆವು. ಬೀಗರನ್ನು ಮೂಡಲಿಗೆ ಮುಖ ಮಾಡಿ ಕೂರಿಸಿದ್ದೆವು, ಮರ್ಯಾದೆ ಹಾಗೆ. ಅವರೆದುರಿಗೆ ಪಡುವಲಿಗೆ ಮುಖ ಮಾಡಿ ನಮ್ಮವರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆ ರಾತ್ರಿ ಜಗಳವೆಲ್ಲ ಇದರ ಮೇಲೇ ನಡೆದದ್ದು. ನಾನು ಎರಡು ಸಾಲಿನ ನಡುವೆ, ಬಡಗಲಿಗೆ ಬೆನ್ನು ಹಾಕಿ, ತಟ್ಟೆಯಲ್ಲಿ ತೂತು ಬಿದ್ದ ಎಲೆ ಆರಿಸುತ್ತಿದ್ದೆ. ರೇಣುಕ ಒಳಗೆ ಸೀರೆ ಬದಲಿಸುತ್ತಿದ್ದಾಳೆ ಅಂತ ಎಲ್ಲರೂ ತಿಳಿದಿದ್ದೆವು. ತಿಪ್ಪೇಶಿ ಫೋನ್ ಬಂತು ಅಂತ ಎದ್ದು ಹೋಗಿದ್ದ.

ತಟ್ಟೆ ಬೆಳ್ಳಗಾಯಿತು.

ಎಲೆಯ ಒಂದೊಂದು ನರವೂ ಕಂಡಿತು. ಯಾರೋ ಲೈಟ್ ಹಾಕಿದರು ಅಂದುಕೊಂಡೆ. ನಮ್ಮನೆಯಲ್ಲಿ ಅಂಥಾ ಲೈಟ್ ಎಲ್ಲಿಂದ ಬರಬೇಕು? ನನ್ನ ಮುಂದೆ ನನ್ನ ನೆರಳು ಬಿದ್ದಿತ್ತು. ಬರೀ ಬಿದ್ದಿರಲಿಲ್ಲ, ಜಮಖಾನದ ಮೇಲೆ ಜರುಗುತ್ತಿತ್ತು, ನನ್ನನ್ನು ಕೇಳದೆ ತಾನೇ ಎದ್ದು ಎಲ್ಲಿಗೋ ಹೊರಟ ಹಾಗೆ. ಉದ್ದಕ್ಕೆ ಚಾಚಿ ತೆಂಕಲಿಗೆ ಬಣವೆಯವರೆಗೂ ಹೋಯಿತು. ಎಲ್ಲರೂ "ಯಪ್ಪಾ! ಯವ್ವಾ!" ಅಂತ ಬಡಗಲ ಆಕಾಶಕ್ಕೆ ಬಾಯಿ ತೆರೆದಿದ್ದರು. ನನ್ನ ಕಣ್ಣು ಮಾತ್ರ ನೆರಳಿನ ಹಿಂದೆ ಹೋಯಿತು. ಹೋದರೆ ಅಲ್ಲಿ, ಬಣವೆಯ ಪಕ್ಕ, ಬೇವಿನ ಗಿಡದ ಕೆಳಗೆ, ಮಟಮಟ ಮಧ್ಯಾಹ್ನದಂಥ ಬೆಳಕಿನಲ್ಲಿ ನಮ್ಮ ರೇಣುಕ, ತಿಪ್ಪೇಶಿ!

ನೀವು ಅಂದುಕೊಂಡ ಹಾಗೇನಲ್ಲ. ರೇಣುಕ ಒಂದು ಬೆರಳು ಎತ್ತಿ ಅವನಿಗೆ ಏನೋ ಬೈದು ಹೇಳುತ್ತಿದ್ದಳು. ಅವನು ಎರಡೂ ಕೈ ಕಟ್ಟಿಕೊಂಡು ತಲೆ ಅಲ್ಲಾಡಿಸುತ್ತಿದ್ದ. ಹೌದು, ಹೌದು, ಹೌದು ಅಂತ. ಅಷ್ಟೇ ಕಂಡದ್ದು. ಬೆಳಕು ಆರಿತು. ಆ ಒಂದು ಗಳಿಗೆಯಲ್ಲಿ ನಾನು ನಿಶ್ಚಯ ಮಾಡಿದೆ, ಈ ಗಂಡನ್ನು ಬಿಡಬಾರದು ಅಂತ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಹೆಂಗಸಿನ ಮಾತಿಗೆ ತಲೆ ಅಲ್ಲಾಡಿಸಿದ ಗಂಡಸನ್ನು ಯಾರೂ ನೋಡಿಲ್ಲ. ಅಡ್ಡಡ್ಡ ಅಲ್ಲಾಡಿಸುವವರನ್ನು ಬೇಕಾದಷ್ಟು ನೋಡಿದ್ದೇವೆ.

ಆದರೆ ಎಲೆಅಡಿಕೆ ಬದಲಾಗುವ ಮೊದಲು ಹೆಣ್ಣು ಗಂಡು ಹೀಗೆ ಕತ್ತಲಲ್ಲಿ ಮಾತಾಡಿದರೆ ನಮ್ಮಲ್ಲಿ ಅದೊಂದು ರಂಪ. ಹಾಗಾಗಿ ನಾನು ಕಂಡದ್ದನ್ನು ಹೇಳುವಂತಿಲ್ಲ, ಹೇಳಬೇಕಾದ್ದನ್ನು ಕಂಡಿಲ್ಲ.

ಬೆಳಕು ಹೋದ ಮೇಲೆ ಒಂದು ವೀಳ್ಯ ಮಡಚಿ ಬಾಯಿಗೆ ಹಾಕುವಷ್ಟು ಹೊತ್ತು ಎಲ್ಲ ಗಪ್‌ಚಿಪ್. ಆಮೇಲೆ ಢಂ ಅಂತು. ನಾಗೊಂದಿಗೆ ಮೇಲಿನ ಪಾತ್ರೆಗಳು ಗಲಗಲ ಅಂದವು, ಕುರಿಗಳು ಒಂದೇ ಸಮ ಒದರಿದವು. ನನ್ನ ಮಗ ಮಂಜಪ್ಪ ಎದ್ದು ಕೊಡಪಾನ ಹಿಡಿದುಕೊಂಡು, "ಬಿತ್ತು! ನಮ್ಮ ಬಣವಿ ಮ್ಯಾಲೇ ಬಿತ್ತು!" ಅಂತ ಓಡಿದ.

"ಲೇ ಮಂಜ, ನಿಂದ್ರಲೇ! ಬಣವಿ ಎಲ್ಲೈತಿ? ತೆಂಕಲಕ್ಕ. ಅದು ಬಿದ್ದಿದ್ದು ಬಡಗಲಕ್ಕ!" ಅಂತ ಕೂಗಿದೆ.

"ನೀನು ನೋಡಿದಿ?"

"ನನ್ನ ನೆರಳು ನೋಡೇನಿ. ಬೆಳಕು ಆಕಡಿ ಇದ್ದಿದ್ದಕ್ಕೇ ನೆರಳು ಈಕಡಿ ಬಿತ್ತು."

ಅವನಿಗೆ ಅರ್ಥವಾಗಲಿಲ್ಲ, ಆದರೆ ನಿಂತ. ಅಷ್ಟರಲ್ಲಿ ರೇಣುಕ ಹಿತ್ತಲ ಬಾಗಿಲಿಂದ ಒಳಗೆ ಸೇರಿ, ಮುಂಬಾಗಿಲಿಂದ ಈಗ ತಾನೇ ಸೀರೆ ಉಟ್ಟವಳ ಹಾಗೆ ಬಂದು, "ಏನಜ್ಜಿ ಸಪ್ಪಳ?" ಅಂದಳು. ತಲೆಯಲ್ಲಿ ಬಣವೆಯ ಸೊಪ್ಪೆಯ ಒಂದು ಎಸಳು. ತೆಗೆದು ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟೆ. ಏನು ಮಾಡಲಿ, ಎಲ್ಲರೂ ನೋಡುತ್ತಿದ್ದರು.

ಅಲ್ಲಿಂದ ಫೋನು ಶುರುವಾಯಿತು. ಮಂಜಪ್ಪ ಫೋನನ್ನು ತಟ್ಟೆಯಲ್ಲಿ, ಎಲೆಅಡಿಕೆ ಪಕ್ಕದಲ್ಲೇ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದ. ಮೊದಲು ಕೋಗಳಿಯಿಂದ ಅವನ ಹೆಂಡತಿಯ ಅಣ್ಣ.

"ಮಾವಾ, ಬಸದಿ ಹಿಂದನ ಬಿತ್ತು ನೋಡು! ಇನ್ನಾ ಹೊಗಿ ಬರಾಕತ್ತೈತಿ!"

"ಆ ಹೊಗಿ ನಿನ್ನ ಬೀಡಿದು, ನೋಡ್ಕ್ಯಾ" ಅಂದೆ ನಾನು.

ಹಂಪಸಾಗರದಲ್ಲಿ ನನ್ನ ತಂಗಿ ಗಂಗವ್ವ ಇದ್ದಾಳೆ. ಅವಳು ಅಳುತ್ತಲೇ ಮಾತಾಡಿದಳು. "ಯಕ್ಕಾ, ಹೊಳಿಯಾಗ ಬಿತ್ತವ್ವಾ. ನೀರಾಗ ಚೊಂಯ್ ಅಂತು, ಈ ಕಿವಿಲೇ ಕೇಳೇನಿ."

"ನೀನು ಹೊಳಿಗೆ ಹೋಗಿದ್ದೇನ?"

"ಇಲ್ಲವ್ವ, ಅಡಿಗಿ ಮನ್ಯಾಗಿದ್ದೆ."

"ಏನ್ ಮಾಡಾಕತ್ತಿದ್ದಿ?"

"ಸಾರಿಗೆ ಒಗ್ಗರಣಿ ಹಾಕಾಕತ್ತಿದ್ದೆ. ಯಾಕ?"

ಯಾಕೂ ಇಲ್ಲ ಅಂತ ಫೋನ್ ಇಟ್ಟೆವು. ಹಡಗಲಿಯಲ್ಲಿ ಮಲ್ಲಿಗೆ ತೋಟದಲ್ಲಿ ಬಿದ್ದಿತ್ತು, ನಾಳೆ ಹೂವಿನ ಗತಿ ಏನು ಅಂತ ಅವರ ಚಿಂತೆ. ಅರಸೀಕೆರೆಯಿಂದ ದ್ಯಾಮವ್ವನ ಮನೆಯವರೇ ಫೋನ್ ಮಾಡಿ, ಕೆರೆಯ ಹಿಂದೆ ಬಿದ್ದಿದೆ, ಕುರಿ ಬೆದರಿವೆ, ಈಗ ರಸ್ತೆ ಮೇಲೆ ಬರಬೇಡಿ ಅಂದರು. ಅದನ್ನು ಕೇಳಿ ಇವರ ಗಾಡಿಯ ಡ್ರೈವರ್ ಕೀಲಿಯನ್ನು ಚಡ್ಡಿ ಜೇಬಿಗೆ ಹಾಕಿಕೊಂಡು, ಬೆಳಗಾಗುವವರೆಗೆ ತಾನು ಗಾಡಿ ಹೊಡೆಯುವುದಿಲ್ಲ ಅಂತ ಮಲಗಿಯೇಬಿಟ್ಟ. ಕೂಡ್ಲಿಗಿಯ ನಮ್ಮ ಸಂಬಂಧಿಕ ಒಬ್ಬ ಆ ಹೊತ್ತಿಗೆ ಚೆಂಬು ಹಿಡಿದು ಬಯಲಿಗೆ ಹೋಗಿದ್ದನಂತೆ. ಅವನ ತಲೆ ಮೇಲೇ ಹಾದು ಹೋಯಿತಂತೆ. "ಮುಂದ ಏನಾತು?" ಅಂದರೆ, "ಮುಂದ ಏನಾಗೂದು, ಚೆಂಬು ಅಲ್ಲೇ ಬಿಟ್ಟು ಬಂದೆ" ಅಂದ.

ಇಷ್ಟು ಕಡೆ ಬಿದ್ದ ಒಂದೇ ಒಂದು ಕೊಳ್ಳಿಯನ್ನು ನಾನು ಎಲ್ಲೂ ಕೇಳಿಲ್ಲ. ಎಲ್ಲರಿಗೂ ತಮ್ಮ ಮನೆಯ ಹಿಂದೆಯೇ ಬೀಳಬೇಕು. ನಗು ಬಂತು. ನಗುತ್ತಲೇ, "ಎಲ್ಲಿ ಬಿದ್ದರ ನಮಗೇನು ಬಿಡ್ರಿ, ನಮ್ಮ ಮನಿ ಮ್ಯಾಲೆ ಬಿದ್ದಿಲ್ಲ. ದ್ಯಾಮಕ್ಕಾ, ಎಲಿ ಬಾಡತಾವ, ತಟ್ಟಿ ಹಿಡೀರಿ" ಅಂದೆ.

ದ್ಯಾಮವ್ವ ಕೈ ಚಾಚಲಿಲ್ಲ. ಕಡ್ಡಿಪುಡಿ ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿ ಮಾಡುತ್ತಿದ್ದಳು.

"ಬೀಗ್ತಿ, ಅದು ಬಿದ್ದಿದ್ದು ನಮ್ಮ ಎಡಕ್ಕ" ಅಂದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಏನೇ ಶುಭ ಕೆಲಸಕ್ಕೆ ಕೈ ಹಾಕುವ ಮೊದಲು ನಾವು ಅಮ್ಮನ ಗುಡಿಗೆ ಹೋಗಿ ಹೂ ಕೇಳುತ್ತೇವೆ. ಪೂಜಾರಿ ನೀರಲ್ಲಿ ಅದ್ದಿದ ಹೂವನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲದ ಹೂ ಮೊದಲು ಬಿದ್ದರೆ ಅಪ್ಪಣೆ ಆಯಿತು, ಎಡದ್ದು ಬಿದ್ದರೆ ಬೇಡ ಅಂತ. ಅಷ್ಟೇ. ಬೋರ್‌ವೆಲ್ಲು, ಮದುವೆ, ಕುರಿ ಮಾರಾಟ, ಎಲ್ಲದಕ್ಕೂ ಇದೇ. ಈಗ ಎಲೆಅಡಿಕೆ ಬದಲಿಸುವ ಹೊತ್ತಿಗೆ ಆಕಾಶವೇ ಬೆಂಕಿಯ ಹೂ ಉದುರಿಸಿದೆ. ಎಡಕ್ಕೆ!

"ಎಡಕ್ಕ ಹೆಂಗ? ಬಲಕ್ಕ ಬಿತ್ತು!" ಅಂತ ಮಂಜಪ್ಪ ಎದ್ದ. "ನಾನು ಕಣ್ಣಾರೆ ಕಂಡೀನಿ!"

"ನಾವೇನು ಮೂಗಿಲೆ ಕಂಡೀವೇನು?" ಅಂದಳು ದ್ಯಾಮವ್ವ.

ಹಾಗೆ ಒಂದು ತಾಸು. ನಮ್ಮವರೆಲ್ಲ ಬಲ, ಅವರೆಲ್ಲ ಎಡ. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಕೊನೆಗೆ ನನ್ನ ತಲೆಗೆ ಹೊಳೆಯಿತು. ಎದುರುಬದುರು ಕೂತವರಿಗೆ ಬಡಗಲು ಒಬ್ಬರಿಗೆ ಬಲ, ಇನ್ನೊಬ್ಬರಿಗೆ ಎಡ. ಬೀಗರನ್ನೆಲ್ಲ ಎಬ್ಬಿಸಿ ನಮ್ಮ ಜಾಗದಲ್ಲಿ ಕೂರಿಸಿದೆ, ನಮ್ಮವರನ್ನು ಅವರ ಜಾಗದಲ್ಲಿ. "ಈಗ ನೋಡ್ರಿ, ಬಲ ಆತಿಲ್ಲ?" ಅಂದೆ. ಮಂಜಪ್ಪ ಒಂದು ಸಲ ಆ ಕಡೆ ಈ ಕಡೆ ನೋಡಿ, "ಯವ್ವಾ, ಈಗ ನನಗ ಎಡ ಆತಲ್ಲ!" ಅಂತ ಗಾಬರಿಯಾದ. ಅವನು ಯಾವಾಗಲೂ ಹಾಗೇ.

ದ್ಯಾಮವ್ವ ಮಾತ್ರ ಮಿಸುಕಲಿಲ್ಲ. "ಈಗ ಎಲ್ಲಿ ಕುಂತೀವಿ ಅನ್ನೂದು ಯಾಕ ಬೇಕು? ಬಿದ್ದಾಗ ಎಲ್ಲಿ ಕುಂತಿದ್ವಿ, ಅದು ಮಾತು."

"ದ್ಯಾಮಕ್ಕಾ, ಎಲ್ಲಿಂದಲೋ ಬಂದು ಎಲ್ಲಿಗೋ ಹೋದ ಕೊಳ್ಳಿಗೆ ನಮ್ಮ ಹುಡುಗಿ ಗೊತ್ತೇನ್ರಿ, ನಿಮ್ಮ ಹುಡುಗ ಗೊತ್ತೇನ್ರಿ?" ಅಂದೆ.

ಅವಳು ಇದಕ್ಕೇ ಕಾದಿದ್ದಳು. ನಿಧಾನಕ್ಕೆ ಡಬ್ಬಿ ಸೆರಗಿಗೆ ಕಟ್ಟಿದಳು. "ನಾಗವ್ವಾ, ಹ್ವಾದ ವರ್ಷ ಕೂಡ್ಲಿಗಿ ಕಡಿಯಿಂದ ಒಂದು ಗಂಡು ಬಂದಿತ್ತಂತಲ್ಲ ನಿಮ್ಮ ರೇಣುಕಗ? ಎಡಕ್ಕ ಹಲ್ಲಿ ನುಡೀತು ಅಂತ ನೀನು ಬಿಡಿಸಿದಿ. ಹಲ್ಲಿ ಲೊಚಗುಟ್ಟಿದ್ದಕ್ಕ ನೀವು ಸಂಬಂಧ ಬಿಡಬಹುದು, ಆಕಾಸನ ಉರಿದು ಬಿದ್ದರ ನಾವು ಬಿಡಬಾರದೇನು?"

ಅಂಗಳದವರೆಲ್ಲ ನನ್ನ ಕಡೆ ತಿರುಗಿದರು.

ಆ ಹಲ್ಲಿಯ ಕತೆ ಇಷ್ಟು. ಕೂಡ್ಲಿಗಿ ಕಡೆಯ ಆ ಗಂಡು ಹೆಣ್ಣು ನೋಡಲು ಬಂದು ಒಂಬತ್ತು ಹೋಳಿಗೆ ತಿಂದ. ತಿನ್ನಲಿ, ಉಣ್ಣುವವರನ್ನು ಕಂಡರೆ ನನಗೆ ಸಿಟ್ಟಿಲ್ಲ. ಆಮೇಲೆ ತುಪ್ಪದ ಕೈಯನ್ನು ನಮ್ಮ ಕಂಬಕ್ಕೆ ಒರೆಸಿ, ರೇಣುಕನಿಗೆ ಆ ಗೋಡೆಯಿಂದ ಈ ಗೋಡೆಗೆ ನಡೆದು ತೋರಿಸು ಅಂದ. ನಡೆದಳು. ಇನ್ನೊಂದು ಸಲ ಅಂದ. ಆಕಳು ಕೊಳ್ಳಲು ಬಂದವನೂ ಎರಡು ಸಲ ನಡೆಸುವುದಿಲ್ಲ. ಮಂಜಪ್ಪನಿಗೆ ಆ ಸಂಬಂಧದ ಮೇಲೆ ಆಸೆ, ನೀರಾವರಿ ಹೊಲ ಅಂತ. ನಾನು ಬೇಡ ಅಂದರೆ ಕೇಳುವವನಲ್ಲ. ಅದಕ್ಕೆ "ಹಲ್ಲಿ ನುಡೀತು, ಎಡಕ್ಕ" ಅಂದುಬಿಟ್ಟೆ. ಹಲ್ಲಿಯ ಮೇಲೆ ಹೇಳಿದರೆ ಯಾರೂ ಎದುರಾಡುವುದಿಲ್ಲ. ನನಗೆ ಅದು ಬಹಳ ಸಸಾರ ಅನ್ನಿಸಿತ್ತು. ಊರಲ್ಲೂ ಹೆಸರು ಬಂತು. ನಾಗವ್ವನ ಕಿವಿ ಎಷ್ಟು ಸೂಕ್ಷ್ಮ ಅಂತ ನಾಲ್ಕಾರು ಮನೆಯವರು ಹಲ್ಲಿ ಕೇಳಿಸಲು ನನ್ನನ್ನು ಕರೆದೊಯ್ದು ಚಹಾ ಕೊಟ್ಟರು. ಕುಡಿದೆ.

ಈಗ ಆ ಚಹಾ ಗಂಟಲಿಗೆ ಬಂತು. ರೇಣುಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದೆ, ತಿಪ್ಪೇಶಿಯ ಮುಖ ನೋಡಿದೆ. ಅವನು ಈಗ ಯಾವ ಕಡೆಗೂ ತಲೆ ಅಲ್ಲಾಡಿಸುತ್ತಿರಲಿಲ್ಲ.

"ಹಲ್ಲಿ ನುಡಿದಿಲ್ಲ" ಅಂದೆ.

"ಹಂಗಂದ್ರ?"

"ನುಡಿದಿಲ್ಲ ಅಂದ್ರ ನುಡಿದಿಲ್ಲ. ಅವತ್ತು ಮನಿಯಾಗ ಹಲ್ಲೀನೇ ಇರಲಿಲ್ಲ. ಹಿಂದಿನ ದಿನಾನೇ ಸುಣ್ಣ ಬಳದಿದ್ವಿ. ನಾನೇ ಸುಳ್ಳು ಹೇಳೇನಿ."

ಮಂಜಪ್ಪ ಎದೆ ಹಿಡಿದುಕೊಂಡ. "ಯವ್ವಾ! ಆ ಸಂಬಂಧ ತಪ್ಪಿತಂತ ನಾನು ಎರಡು ದಿನ ಉಂಡಿದ್ದಿಲ್ಲ!"

"ಉಂಡಿದ್ದೆಪ್ಪ. ನಾನೇ ನೀಡಿದ್ದೆ. ಎರಡು ಸಲ ಸಾರು ಹಾಕಿಸ್ಕೊಂಡಿದ್ದಿ."

ರೇಣುಕ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ನಾನು ನಿಜ ಹೇಳಿದೆನಲ್ಲ, ಇನ್ನು ಗೆದ್ದೆ ಅಂದುಕೊಂಡೆ. ಎಂಥ ದಡ್ಡಿ ನೋಡಿ. ದ್ಯಾಮವ್ವ ಒಂದು ಗಳಿಗೆ ನನ್ನನ್ನು ನೋಡಿ, "ಹಂಗಾರ ನಿನ್ನ ಮಾತು ಇನ್ಮ್ಯಾಲೆ ಲೆಕ್ಕಕ್ಕಿಲ್ಲ" ಅಂದಳು. ಬಡಗಲು ಅಂದವಳೂ ನೀನೇ, ನೆರಳು ಅಂದವಳೂ ನೀನೇ, ಯಾವುದನ್ನು ನಂಬುವುದು ಅಂತ. ನಮ್ಮವರೂ ಹೌದು ಹೌದು ಅಂದರು. ಚಹಾ ಕೊಟ್ಟವರೂ ಅಲ್ಲಿದ್ದರು, ಅವರೇ ಜೋರಾಗಿ ಅಂದರು.

ಕೊನೆಗೆ ಯಾರೋ, ಮನುಷ್ಯರ ಬಲ ಎಡ ಬಿಡಿ, ಅಮ್ಮನ ಬಲ ಎಡ ನೋಡೋಣ ಅಂದರು. ನಮ್ಮೂರ ದುರುಗಮ್ಮನ ಗುಡಿಯ ಪೂಜಾರಿಯನ್ನು ಕರೆಸಿದೆವು. ಅಮ್ಮನ ಮುಖ ಬಡಗಲಿಗೆ. ಅಂದರೆ ಕೊಳ್ಳಿ ಅವಳ ಬಲಕ್ಕೂ ಬಿದ್ದಿಲ್ಲ, ಎಡಕ್ಕೂ ಬಿದ್ದಿಲ್ಲ, ನೇರ ಮೂಗಿನ ಎದುರಿಗೆ ಬಿದ್ದಿದೆ. ಪೂಜಾರಿ ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಎದುರಿಗೆ ಬಿದ್ದರ ಇನ್ನೊಮ್ಮಿ ಕೇಳ್ರಿ ಅಂತ ಅರ್ಥ" ಅಂದ. ಬೆಳಿಗ್ಗೆ ಹೂ ಕೇಳುವುದು, ಎಡಕ್ಕೆ ಬಿದ್ದರೆ ಅವರು ಹಾಗೇ ಗಾಡಿ ಹತ್ತುವುದು, ಬಲಕ್ಕೆ ಬಿದ್ದರೆ ಅಲ್ಲೇ ಎಲೆಅಡಿಕೆ. ಇಬ್ಬರೂ ಒಪ್ಪಿದೆವು.

ಉಣ್ಣಲು ಕೂತರು. ಗಾಡಿಯಿಲ್ಲದ ಬೀಗರಿಗೆ ಹಸಿವು ಜಾಸ್ತಿ. ತಿಪ್ಪೇಶಿ ಒಬ್ಬ ಮಾತ್ರ ಮುಂದೆ ಇಟ್ಟ ಹೋಳಿಗೆಯ ಮೇಲೆ ಬೆರಳಾಡಿಸುತ್ತ ಕೂತಿದ್ದ. ದ್ಯಾಮವ್ವ ಅವನನ್ನೇ ನೋಡುತ್ತಿದ್ದಳು. "ಉಣ್ಣಲೋ" ಅಂದಳು. ಅವನು ಎದ್ದು ಕೈ ತೊಳೆದ. ಅವಳೂ ತನ್ನ ತಟ್ಟೆ ಸರಿಸಿದಳು.

ಅಡಿಗೆಮನೆಯಲ್ಲಿ ರೇಣುಕ ಪಾತ್ರೆ ತಿಕ್ಕುತ್ತಿದ್ದಳು, ಪಾತ್ರೆಗೆ ನೋವಾಗುವ ಹಾಗೆ.

"ಬಣವಿ ಹತ್ರ ಏನ್ ಮಾತಾಡಿದ್ರಿ?" ಅಂದೆ.

ಕೈ ನಿಂತಿತು. "ನೀನು ನೋಡಿದೇನಜ್ಜಿ?"

"ಊರಿಗೆಲ್ಲಾ ಬೆಳಕು ಬಿದ್ದಾಗ ನಿಮ್ಮ ಮ್ಯಾಲೆ ಕತ್ತಲಿ ಇತ್ತೇನು?"

"ಟೈಲರಿಂಗ್ ಮಷಿನ್ ನನ್ನ ಸಂಗಾಟ ಬರ್ತೈತಿ ಅಂದೆ. ಆತು ಅಂದ. ಕುರಿ ಹಿಂದ ಊರೂರು ತಿರಗಾಕ ನಾನು ಬರೂದಿಲ್ಲ ಅಂದೆ. ಆತು ಅಂದ. ನಿಮ್ಮ ಅತ್ತಿ ಕೂಡ ನಾನು ಜಗಳಾಡಿದರ ನೀನು ನಡುವ ಬರಬ್ಯಾಡ ಅಂದೆ."

"ಅದಕ್ಕೇನಂದ?"

"ಆತು ಅನ್ನೂದರಾಗ ಬೆಳಕಾತು."

"ಮತ್ತ ಆ ಹಲ್ಲಿದು..." ಅಂದೆ.

"ನನಗ ಅವತ್ತೇ ಗೊತ್ತಿತ್ತು ಬಿಡಜ್ಜಿ. ಸುಣ್ಣ ಬಳದಾಕಿ ನಾನು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾಳೆ ಎಡಕ್ಕ ಬಿದ್ದರ ಇನ್ಯಾರ ಮುಂದೂ ನಾನು ಸೀರಿ ಉಟ್ಟು ಕುಂದ್ರೂದಿಲ್ಲ. ಹೇಳೇನಿ ನೋಡು."

ಇದು ಹೆದರಿಸುವ ಮಾತಲ್ಲ ಅಂತ ನನಗೆ ಗೊತ್ತು. ಹಟದಲ್ಲಿ ಅವಳು ನನ್ನ ಮೊಮ್ಮಗಳೇ.

ಬೆಳಿಗ್ಗೆ ಹೊತ್ತು ಮೂಡುವಾಗ ಗುಡಿಯಲ್ಲಿದ್ದೆವು. ಗುಡಿ ಸಣ್ಣದು, ಒಳಗೆ ಪೂಜಾರಿ, ನಾನು, ದ್ಯಾಮವ್ವ ಮೂವರೇ ಹಿಡಿಸುವುದು. ನಾನು ಅಮ್ಮನ ಬಲಭುಜದ ಕಡೆಗೆ, ಅವಳು ಎಡಭುಜದ ಕಡೆಗೆ. ಉಳಿದವರು ಹೊಸ್ತಿಲ ಹೊರಗೆ. ಪೂಜಾರಿ ಎರಡು ಬಿಳಿ ಸೇವಂತಿಗೆ ಅದ್ದಿ ಅಂಟಿಸಿದ. ಅವತ್ತು ಅವನ ಕೈಗೆ ಏನು ಬಂದಿತ್ತೋ, ಅರಿಷಿಣ ಕಲಸಿದ ಗಟ್ಟಿ ನೀರು. ಹೂ 'ಹುಟ್ಟಿದ್ದೇ ಇಲ್ಲಿ' ಅನ್ನುವ ಹಾಗೆ ಕೂತವು.

ಕಾದೆವು. ಬಿಸಿಲು ಹೊಸ್ತಿಲಿಗೆ ಬಂತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ತಿಪ್ಪೇಶಿಗೆ ಮಷಿನ್ ಮಾಲೀಕನ ಫೋನ್, ಹೊಲದಲ್ಲಿ ಜೋಳ ಕಾಯುತ್ತಿದೆ ಅಂತ. ಹೂ ಅಲ್ಲೇ. ಎಡದ ಹೂವಿನ ಒಂದು ಎಸಳು ಬಾಗಿತು. ರೇಣುಕ ಕಣ್ಣು ಮುಚ್ಚಿದಳು. ಬಾಗಿದ್ದು ಇನ್ನಷ್ಟು ಬಾಗಿತು.

"ಪೂಜಾರಪ್ಪಾ, ಮಂಗಳಾರತಿ ಮಾಡು" ಅಂದೆ.

"ಹೂ ಬೀಳಲಿಲ್ಲಲ್ಲಬೇ?"

"ಮಾಡು ಅಂದ್ನಿ."

ಮಾಡಿದ. ಗಂಟೆ ಬಾರಿಸುತ್ತ ಆರತಿ ತಟ್ಟೆ ಹಿಡಿದು ಹೊಸ್ತಿಲ ಕಡೆಗೆ, ಜನರ ಕಡೆಗೆ ತಿರುಗಿದ. ಎಲ್ಲರೂ ಆರತಿಗೆ ಕೈ ಚಾಚಿ ಬಿಸಿ ತೆಗೆದು ಕಣ್ಣಿಗೆ ಒತ್ತಿಕೊಂಡರು. ಅಷ್ಟು ಜನರ ಕಣ್ಣೂ ಅಂಗೈ ಹಿಂದೆ. ನಾನು ಎಡಗೈ ಚಾಚಿ ಬಲದ ಹೂವನ್ನು ಒಂದು ಬೆರಳಿಂದ ಎಬ್ಬಿಸಿಬಿಟ್ಟೆ. ಅಮ್ಮನ ಪಾದದ ಹತ್ತಿರ ಬಿತ್ತು. ಅಮ್ಮ ಏನೂ ಅನ್ನಲಿಲ್ಲ.

ತಲೆ ಎತ್ತಿದರೆ ಎದುರಿಗೆ ದ್ಯಾಮವ್ವ. ಅವಳು ಕಣ್ಣಿಗೆ ಕೈ ಒತ್ತಿಕೊಂಡಿರಲಿಲ್ಲ. ಎರಡೂ ಕಣ್ಣು ಬಿಟ್ಟುಕೊಂಡು ನನ್ನ ಬೆರಳನ್ನೇ ನೋಡುತ್ತಿದ್ದಳು.

ಗಂಟೆ ನಿಂತಿತು. ಹೊರಗಿನವರು ಒಬ್ಬೊಬ್ಬರೇ ಕಣ್ಣು ಬಿಟ್ಟರು. ಮಂಜಪ್ಪ, "ಬಿತ್ತು! ಹೂ ಬಿತ್ತು!" ಅಂದ. "ತಾನೇ ಬಿತ್ತೋ ಹೆಂಗ? ಯಾರು ನೋಡಿದ್ರಿ?" ಅಂತ ಅವರ ಕಡೆಯ ಒಬ್ಬ ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು, ಆಮೇಲೆ ಹಲ್ಲಿ ನೆನಪಾಗಿ ಮುಖ ತಿರುಗಿಸಿದರು. ನಾನು ಬಾಯಿ ತೆರೆದು ಉಪಯೋಗವಿರಲಿಲ್ಲ. ತೆರೆಯಲೂ ಇಲ್ಲ.

ದ್ಯಾಮವ್ವ ಹೊರಗೆ ನೋಡಿದಳು. ತಿಪ್ಪೇಶಿ ಕಂಬಕ್ಕೆ ಒರಗಿ, ರಾತ್ರಿಯ ಹಸಿದ ಹೊಟ್ಟೆಯಲ್ಲೇ ನಿಂತಿದ್ದ. ಅವಳು ಗಂಟಲು ಸರಿಮಾಡಿಕೊಂಡಳು.

"ತಾನೇ ಬಿತ್ತು. ಬಲಕ್ಕ ಬಿತ್ತು. ನಾನು ಕಣ್ಣಾರೆ ಕಂಡೀನಿ" ಅಂದಳು.

ಊರಿಗೆ ಊರೇ ಹೋ ಅಂತು. ರೇಣುಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು, ತಿಪ್ಪೇಶಿ ಯಾರೂ ಏನೂ ಕೇಳದಿದ್ದರೂ ತಲೆ ಅಲ್ಲಾಡಿಸತೊಡಗಿದ. ಹೊಸ್ತಿಲು ದಾಟುವಾಗ ದ್ಯಾಮವ್ವ ನನ್ನ ಕಿವಿಯ ಹತ್ತಿರ ಬಾಗಿ, "ಅಮ್ಮನ್ನ ಎಡಗೈಲೆ ಮುಟ್ಟೀದಿ. ಹೋಗಿ ತೊಳ್ಕ" ಅಂದಳು.

ನಾನು ಮನೆಗೆ ಬಂದು ಮೊದಲು ಕೈ ತೊಳೆದುಕೊಂಡೆ. ಆಮೇಲೆ ಮಂಡಕ್ಕಿ ನೆನೆಹಾಕಿ, ಹದಿನೈದು ಜನಕ್ಕಾಗುವಷ್ಟು ಒಗ್ಗರಣೆ ಮಾಡಿ, ಮೊದಲನೇ ತಟ್ಟೆಯನ್ನು ಆ ಹುಡುಗನಿಗೆ ಕೊಟ್ಟೆ.